ಟೈರಿನ ಕೊನೆಯ ಗೇಣು

ಬಿಗಿಯಾದ ಹೊಸ ಟೈರನ್ನು ಸೈಕಲ್ಲಿನ ರಿಮ್ಮಿಗೆ ಏರಿಸುವಾಗ ಮುಕ್ಕಾಲು ಸುತ್ತು ಯಾರ ಕೈಗಾದರೂ ಬಗ್ಗುತ್ತದೆ. ಒಂದು ಬದಿಯ ಅಂಚು ಒಳಗೆ ಕೂರುತ್ತದೆ, ಟ್ಯೂಬು ಸುತ್ತ ಮಲಗುತ್ತದೆ, ಇನ್ನೊಂದು ಬದಿಯ ಅಂಚೂ ಒತ್ತಿದಂತೆಲ್ಲ ಒಳಗೆ ಸರಿಯುತ್ತದೆ. ತಕರಾರು ಶುರುವಾಗುವುದು ಕೊನೆಯ ಗೇಣಿನಲ್ಲಿ. ಅಲ್ಲಿ ಟೈರಿನೊಳಗಿನ ತಂತಿ ಬಿಲ್ಲಿನ ಹೆದೆಯಂತೆ ಬಿಗಿದು, ರಿಮ್ಮಿನ ಏಣಿನ ಮೇಲೆ ಕೂತು, ಸುತರಾಂ ಒಲ್ಲೆ ಎನ್ನುತ್ತದೆ. ಆ ಊರಿನ ಸೈಕಲ್ ಅಂಗಡಿಗಳವರೆಲ್ಲ ಈ ಹಟಕ್ಕೆ ಅಂಚು ಏರಿಸುವ ಚಪ್ಪಟೆ ಕಬ್ಬಿಣದ ಪಟ್ಟಿಯಿಂದ, ಅಂದರೆ ಲೀವರಿನಿಂದ, ಉತ್ತರ ಕೊಡುತ್ತಿದ್ದರು. ಒಬ್ಬರು ಮಾತ್ರ ಕೊಡುತ್ತಿರಲಿಲ್ಲ. ಅವರನ್ನು ಬರಿಗೈ ಮೇಸ್ತ್ರಿ ಎಂದು ಕರೆಯುತ್ತಿದ್ದರು.

ಮೇಸ್ತ್ರಿಯ ಕ್ರಮದಲ್ಲಿ ಮಾಯಮಂತ್ರವೇನೂ ಇರಲಿಲ್ಲ. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ಟೈರಿನ ಅಂಚು ಆ ತಗ್ಗಿಗೆ ಇಳಿದಷ್ಟೂ ಎದುರು ಬದಿಯಲ್ಲಿ ಸಡಿಲ ಸಿಗುತ್ತದೆ. ಗಾಳಿ ತುಂಬುವ ವಾಲ್ವ್ ಇರುವಲ್ಲಿ ಮಾತ್ರ ಟ್ಯೂಬಿನ ಬುಡ ಅಡ್ಡ ನಿಂತು ಅಂಚನ್ನು ಇಳಿಯಗೊಡುವುದಿಲ್ಲ. ಆದ್ದರಿಂದ ಅವರು ವಾಲ್ವಿನ ಎದುರು ಬದಿಯಿಂದ ಹೊರಟು ವಾಲ್ವಿನ ಬಳಿ ಬಂದು ಮುಗಿಸುತ್ತಿದ್ದರು. ಚಕ್ರವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು, ಎರಡೂ ಅಂಗೈಗಳಿಂದ ಅಂಚನ್ನು ಹಿಂಡುತ್ತ, ಸಿಕ್ಕ ಸಡಿಲವನ್ನೆಲ್ಲ ಮೇಲಕ್ಕೆ ತಳ್ಳಿಕೊಂಡು ಬಂದು, ಕೊನೆಯ ಗೇಣಿಗೆ ಎರಡು ಹೆಬ್ಬೆರಳು ಕೊಟ್ಟು ಒಮ್ಮೆ ಉಸಿರು ಬಿಗಿಹಿಡಿದರೆ ಅಂಚು ‘ಟಪ್’ ಎಂದು ಒಳಗೆ ಬೀಳುತ್ತಿತ್ತು. ಅನಂತರ ಎರಡೂ ಬದಿಯಲ್ಲಿ ಅಂಚನ್ನು ಸರಿಸಿ, ಟ್ಯೂಬು ಎಲ್ಲಾದರೂ ಸಿಕ್ಕಿಬಿದ್ದಿದೆಯೇ ಎಂದು ಸುತ್ತಲೂ ನೋಡದೆ ಅವರು ಪಂಪು ಮುಟ್ಟುತ್ತಿರಲಿಲ್ಲ.

ಈ ಕೆಲಸದ ಹಿಂದೆ ಅವರದೊಂದು ಸಿದ್ಧಾಂತವೂ ಇತ್ತು. ಲೀವರ್ ಹಾಕಿದರೆ ಇಂದಲ್ಲ ನಾಳೆ ಟ್ಯೂಬಿಗೆ ಕಚ್ಚು ಬೀಳುತ್ತದೆ ಎಂಬುದು ಅದರ ತಿರುಳು. “ಲೀವರ್ ಹಿಡಿದೋನು ಟೈರು ಏರಿಸಲ್ಲ ಕಣ್ರೀ, ಟೈರಿನ ಜೊತೆ ಕುಸ್ತಿ ಮಾಡ್ತಾನೆ. ಕುಸ್ತೀಲಿ ಸಾಯೋದು ಟ್ಯೂಬು,” ಎಂದು ಅವರು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಕೆಟ್ಟ ಟ್ಯೂಬನ್ನು ಬೆಳಕಿಗೆ ಹಿಡಿದು ಮೊಳೆಯ ತೂತು ಯಾವುದು, ಸವೆದ ತೂತು ಯಾವುದು, ಲೀವರಿನ ಕಚ್ಚು ಯಾವುದು ಎಂದು ತೋರಿಸಿಕೊಡುತ್ತಿದ್ದರು. ಹೀಗೆ ಕೇಳಿ ಕೇಳಿ ಆ ಬೀದಿಯ ದರ್ಜಿಗೂ ಗೊತ್ತಿತ್ತು, ಕ್ಷೌರಿಕನಿಗೂ ಗೊತ್ತಿತ್ತು: ಟ್ಯೂಬಿನ ಮೇಲೆ ಕಚ್ಚಿದ ಗುರುತಿದ್ದರೆ ಅದು ಬರಿಗೈ ಮೇಸ್ತ್ರಿಯ ಕೆಲಸವಲ್ಲ.

ಅವರ ಹೆಂಡತಿಯ ತಮ್ಮ ಒಂದು ಕಾಲಕ್ಕೆ ಅದೇ ಅಂಗಡಿಯಲ್ಲಿ ಕೈಗೆ ಕೈ ಕೊಡುತ್ತಿದ್ದ. ಆಗಷ್ಟೇ ಮದುವೆಯಾಗಿದ್ದ, ಮೈಯಲ್ಲಿ ಶಕ್ತಿಯಿದ್ದ, ಆದರೆ ಹೆಬ್ಬೆರಳಿನಲ್ಲಿ ಮೇಸ್ತ್ರಿಯ ಪಟ್ಟು ಇರದಿದ್ದ ಮನುಷ್ಯ. ಒಂದು ಮಧ್ಯಾಹ್ನ ಮೇಸ್ತ್ರಿ ಟೀ ಕುಡಿಯಲು ಹೋಗಿದ್ದಾಗ ಅವಸರದ ಗಿರಾಕಿಯೊಬ್ಬ ಬಂದ. ಅಂಗಡಿಯಲ್ಲಿ ಲೀವರ್ ಎಂಬುದೇ ಇರಲಿಲ್ಲ. ಭಾವಮೈದ ಊಟದ ಡಬ್ಬಿಯ ಜೊತೆ ಅಕ್ಕ ಕಳಿಸಿದ್ದ ಸೌಟಿನ ಹಿಡಿಯನ್ನೇ ಅಂಚಿನಡಿ ತೂರಿಸಿ ಟೈರು ಏರಿಸಿದ. ಟ್ಯೂಬು ಅಲ್ಲೇ ಬುಸ್ಸೆಂದಿತು. ಮೇಸ್ತ್ರಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವರು ಆ ಟ್ಯೂಬನ್ನೂ ಸೌಟನ್ನೂ ಒಟ್ಟಿಗೆ ಕಟ್ಟಿ ಅಂಗಡಿಯ ಬಾಗಿಲಿಗೆ ತೂಗುಹಾಕಿ, ಹೋಗಿಬರುವವರಿಗೆಲ್ಲ “ನಮ್ಮ ಬಾಮೈದನ ಅಡುಗೆ ರುಚಿ ನೋಡಿ” ಎಂದರು. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಸಂಜೆಯ ಹೊತ್ತಿಗೆ ಅವನ ಹೆಸರು ‘ಸೌಟು’ ಆಗಿತ್ತು.

ಮನೆಯಲ್ಲಿ ಹೆಂಡತಿ ಆ ದಿನ ಒಂದೇ ಮಾತು ಆಡಿದರು. “ನಕ್ಕಿದ್ದು ಮುಗಿದಿದ್ರೆ ನನ್ನ ಸೌಟು ವಾಪಸ್ ಕೊಡಿ.”

ಭಾವಮೈದ ಆ ತಿಂಗಳೇ ಅಂಗಡಿ ಬಿಟ್ಟು, ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿಗಳನ್ನು ರಿಪೇರಿ ಮಾಡುವ ಶೆಡ್ಡಿಗೆ ಸೇರಿಕೊಂಡ. ಹೆಸರು ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಅವನ ಮಗಳ ಮದುವೆಯ ಮಾತುಕತೆಗೆ ಬಂದವರು ದಾರಿಯಲ್ಲಿ ‘ಸೌಟಣ್ಣನ ಮನೆ ಯಾವುದು’ ಎಂದು ಕೇಳಿಕೊಂಡು ಬಂದರಂತೆ. ಅವನು ಅದನ್ನು ತಾನೇ ಹೇಳಿ ನಗುತ್ತಿದ್ದ. ಅಕ್ಕ ಮಾತ್ರ ನಗುತ್ತಿರಲಿಲ್ಲ.

ರಸ್ತೆ ಅಗಲ ಮಾಡುವಾಗ ಮೇಸ್ತ್ರಿಯ ಅಂಗಡಿಯಿದ್ದ ಸಾಲು ಹೋಯಿತು. ಆಗ ಅವರು ಕೆಲಸವನ್ನು ಮನೆಯ ಮುಂಗೋಣೆಗೆ ತಂದುಕೊಂಡರು. ಕಿಟಕಿಯ ಕೆಳಗೆ ಮರದ ಬೆಂಚು, ಮಗ್ಗುಲಲ್ಲಿ ಟ್ಯೂಬು ಮುಳುಗಿಸಿ ನೋಡುವ ತಗಡಿನ ಬೋಗುಣಿ, ಗೋಡೆಯ ಮೊಳೆಗಳಲ್ಲಿ ಹಳೆಯ ಟೈರುಗಳು. ಬೆಂಚಿನ ಪಕ್ಕದಲ್ಲೇ ಹೆಂಡತಿಯ ಕಪಾಟು ಇದ್ದುದರಿಂದ ಮಡಿಸಿಟ್ಟ ಬಟ್ಟೆಗಳಿಗೂ ರಬ್ಬರಿನ ವಾಸನೆ. ಬೇರೆ ಅಂಗಡಿಗಳವರು ಕೈಚೆಲ್ಲಿದ ಬಿಗಿ ಟೈರುಗಳಷ್ಟೇ ಈಗ ಅವರ ಬಳಿಗೆ ಬರುತ್ತಿದ್ದವು. ಅಷ್ಟರಿಂದಲೇ ಅವರ ಹೆಸರು ಮೊದಲಿಗಿಂತ ದೊಡ್ಡದಾಗಿತ್ತು.

ಹೆಸರು ಬೆಳೆಯುತ್ತಿದ್ದ ಕಾಲದಲ್ಲೇ ಹೆಬ್ಬೆರಳುಗಳು ಕೈಕೊಡತೊಡಗಿದವು. ಬೆಳಿಗ್ಗೆ ಬುಡದಲ್ಲಿ ಊತ, ಲೋಟ ಹಿಡಿದರೆ ಚಳುಕು. ಮೊದಮೊದಲು ಅವರು ಚಳಿಯ ಮೇಲೆ ಹಾಕಿದರು. ಅನಂತರ ಟೈರು ಮಾಡುವವರ ಮೇಲೆ ಹಾಕಿದರು: “ಈಗಿನ ಕಂಪನಿಯೋರು ಟೈರು ಮಾಡ್ತಿದ್ದಾರೋ ಬಳೆ ಮಾಡ್ತಿದ್ದಾರೋ!” ಪಂಪು ಒತ್ತುವುದೂ ಕಷ್ಟವಾದಾಗ ಭುಜ ಹಿಡಿದುಕೊಂಡಿದೆ ಎಂದರು. ಭುಜಕ್ಕೆ ನೋವು ಬರಬಹುದು, ಅದರಲ್ಲಿ ಅವಮಾನವಿಲ್ಲ. ಹೆಬ್ಬೆರಳಿನ ಮಾತು ಮನೆಯಲ್ಲಿ ಕೂಡ ಎತ್ತಲಿಲ್ಲ.

ಭುಜದ ಸುದ್ದಿ ಕೇಳಿ ಭಾವಮೈದ ತಾನಾಗಿಯೇ ಬರತೊಡಗಿದ. ಸಂಜೆ ಶೆಡ್ಡಿನಿಂದ ಮನೆಗೆ ಹೋಗುವ ದಾರಿಯಲ್ಲಿ ಇಳಿದು, ಮೇಸ್ತ್ರಿ ಏರಿಸಿಟ್ಟ ಟೈರುಗಳಿಗೆ ಗಾಳಿ ಹೊಡೆದು, ಅಕ್ಕ ಕೊಟ್ಟ ಟೀ ಕುಡಿದು ಹೋಗುತ್ತಿದ್ದ. ಗಾಡಿ ಶೆಡ್ಡು ಮುಚ್ಚುವ ಹಂತದಲ್ಲಿತ್ತು. ಆಸ್ಪತ್ರೆಯವರು ಮನೆ ಮನೆಗೆ ಹೋಗುವ ನರ್ಸುಗಳಿಗೆ ಸೈಕಲ್ ಕೊಟ್ಟಿದ್ದರು. ಆ ಸೈಕಲ್ಲುಗಳನ್ನು ನೋಡಿಕೊಳ್ಳಲು ಒಬ್ಬ ಕೆಲಸಗಾರ ಬೇಕೆಂದು ಅಲ್ಲಿನ ಸ್ಟೋರ್ ಕೀಪರ್ ಅವನನ್ನು ಮಾತನಾಡಿಸಿದ್ದರು. ಆ ವಯಸ್ಸಿನಲ್ಲಿ ಇನ್ನೊಂದು ಕಡೆ ಕೆಲಸ ಸಿಗುವುದು ಕನಸಿನ ಮಾತು. ಇದು ಆಗಿಬಿಟ್ಟರೆ ಅವನ ಮನೆ ಉಸಿರಾಡುತ್ತದೆ ಎಂದು ಅಕ್ಕ ತಮ್ಮ ಇಬ್ಬರೂ ಮತ್ತೆ ಮತ್ತೆ ಆಡಿಕೊಳ್ಳುತ್ತಿದ್ದರು.

ಆ ನರ್ಸುಗಳಲ್ಲೊಬ್ಬರು ಒಂದು ಬೆಳಿಗ್ಗೆ ಹಿಂದಿನ ಚಕ್ರವೊಂದನ್ನು ಹೆಗಲಿಗೆ ಸಿಕ್ಕಿಸಿಕೊಂಡು ಬಂದರು. ಎರಡು ಅಂಗಡಿ ಸುತ್ತಿ ಬಂದ ಚಕ್ರ.

“ಮೇಸ್ತ್ರಿಗಳೇ, ಈ ಟೈರು ಹಾಕೋಕಾಗಲ್ಲ ಅಂತ ಕೈ ಮುಗಿದುಬಿಟ್ರು. ನಿಮ್ಮ ಹತ್ರಾನೇ ಹೋಗಿ ಅಂದ್ರು.”

“ಅಂದೇ ಅಂತಾರೆ. ಇಟ್ಟು ಹೋಗಿ ನರ್ಸಮ್ಮ, ಸಂಜೆ ಬನ್ನಿ.”

ಮಧ್ಯಾಹ್ನ ಮೇಸ್ತ್ರಿ ಬೆಂಚಿನ ಮೇಲೆ ಕೂತರು. ಕೊನೆಯ ಗೇಣಿನವರೆಗೆ ಎಲ್ಲವೂ ಎಂದಿನಂತೆ ಬಂತು. ಅಲ್ಲಿಂದ ಮುಂದೆ ಹೆಬ್ಬೆರಳು ಒತ್ತಿದರೆ ಒತ್ತಿದ್ದು ಬೆರಳಿಗೇ ತಿರುಗಿ ಬರುತ್ತಿತ್ತು. ಸೋಪಿನ ನೀರು ಸವರಿದರು. ಅಂಗೈಯ ಬುಡ ಕೊಟ್ಟರು. ಅಂಚು ಅರ್ಧ ಬೆರಳಿನಷ್ಟು ಏರಿ, ಅಣಕಿಸಿದಂತೆ ಜಾರಿ ಹಿಂದಕ್ಕೆ ಬರುತ್ತಿತ್ತು. ಬಂದವರನ್ನು ಹಿಂದಕ್ಕೆ ಕಳಿಸಿ ಅವರಿಗೆ ಅಭ್ಯಾಸವಿರಲಿಲ್ಲ. ಅಂಗಡಿಗೆ ಹೋಗಿ ಒಂದು ಲೀವರ್ ಕೊಂಡರೆ, ಮನೆಗೆ ತಲುಪುವ ಮೊದಲೇ ಸುದ್ದಿ ಬೀದಿಯ ಆ ತುದಿ ಮುಟ್ಟಿರುತ್ತದೆ. ಕಿಟಕಿಯಾಚೆ ಯಾರೋ ಮಾತನಾಡುತ್ತ ಹೋದರು. ಮೇಸ್ತ್ರಿ ಎದ್ದು ಬಾಗಿಲು ಹಾಕಿದರು, ಕಿಟಕಿಯನ್ನೂ ಎಳೆದುಕೊಂಡರು, ಸಾಮಾನಿನ ಡಬ್ಬಿಯಿಂದ ಹಳೆಯದೊಂದು ಚಪ್ಪಟೆ ಸ್ಪ್ಯಾನರ್ ಎತ್ತಿಕೊಂಡರು.

ಒಂದು ವಿಷಯ ಅವರಿಗೆ ಹೊಳೆಯಲಿಲ್ಲ. ಜೀವಮಾನವಿಡೀ ಲೀವರನ್ನು ಬೈದವರಿಗೆ ಲೀವರ್ ಹಿಡಿಯುವುದು ಹೇಗೆಂದು ಗೊತ್ತಿರಲಿಲ್ಲ. ತುದಿ ಅಂಚಿನಡಿ ಎಷ್ಟು ಹೋಗಬೇಕು, ಎಲ್ಲಿ ನಿಲ್ಲಬೇಕು, ಟ್ಯೂಬನ್ನು ಮೊದಲು ಹೇಗೆ ದೂರ ಸರಿಸಬೇಕು ಎಂಬುದನ್ನು ಬೇರೆ ಮೇಸ್ತ್ರಿಗಳು ಎಳೆ ವಯಸ್ಸಿನಲ್ಲಿ ನಾಲ್ಕಾರು ಟ್ಯೂಬು ಕೆಡಿಸಿ ಕಲಿತಿದ್ದರು. ಇವರು ಸ್ಪ್ಯಾನರಿನ ಹಿಡಿಯನ್ನು ಪೂರ್ತಿ ಒಳಗೆ ತುರುಕಿ ಮೇಲಕ್ಕೆ ಮೀಟಿದರು. ಅಂಚು ಒಳಗೆ ಬಿತ್ತು. ಆ ‘ಟಪ್’ ಸದ್ದು ಕೇಳಿದ್ದೇ ಮೇಸ್ತ್ರಿಗೆ ಎಂಥ ಸಮಾಧಾನವಾಯಿತೆಂದರೆ, ಸುತ್ತಲೂ ಅಂಚು ಸರಿಸಿ ನೋಡುವ ಬದಲು ಮೊದಲು ಹೋಗಿ ಬಾಗಿಲು ತೆಗೆದರು.

ಸಂಜೆ ಭಾವಮೈದ ಬಂದು ಪಂಪು ಜೋಡಿಸಿದ.

“ಸುತ್ತ ನೋಡಿದ್ದೀರಲ್ಲ ಭಾವ?”

“ಓಹೋ. ಈಗ ನೀನು ನನಗೆ ಹೇಳಿಕೊಡ್ತೀಯೋ?”

“ಇಲ್ಲಪ್ಪ, ಸುಮ್ನೆ ಕೇಳ್ದೆ,” ಎಂದು ಅವನು ಗಾಳಿ ಹೊಡೆದ. ಅಷ್ಟರಲ್ಲಿ ಬಂದ ನರ್ಸಮ್ಮ ಚಕ್ರವನ್ನು ಅವನ ಕೈಯಿಂದಲೇ ತೆಗೆದುಕೊಂಡು ಹೋದರು. ಅರ್ಧ ಜಜ್ಜಿದ ಟ್ಯೂಬು ಕೂಡಲೇ ಬಾಯಿ ಬಿಡುವುದಿಲ್ಲ. ಅದು ಬಾಯಿ ಬಿಟ್ಟದ್ದು ಕೆಲವು ದಿನಗಳಾದ ಮೇಲೆ, ಆಸ್ಪತ್ರೆಯ ಹಿಂದಿನ ಇಳಿಜಾರಿನಲ್ಲಿ. ಚಕ್ರ ಒಮ್ಮೆಲೇ ಕುಸಿದು, ಸೈಕಲ್ ಅಡ್ಡ ತಿರುಗಿ, ನರ್ಸಮ್ಮ ಕಾಂಪೌಂಡಿನ ಗೋಡೆಗೆ ಹೋಗಿ ಬಡಿದರು. ಬಲಗೈ ಮಣಿಕಟ್ಟು ಮುರಿಯಿತು.

ಸ್ಟೋರ್ ಕೀಪರ್ ಆ ಟ್ಯೂಬನ್ನು ಕಾಗದದಲ್ಲಿ ಸುತ್ತಿಕೊಂಡು ಮೇಸ್ತ್ರಿಯ ಮನೆಗೇ ಬಂದರು. ತಪ್ಪು ಹುಡುಕಲು ಬಂದವರಲ್ಲ ಅವರು. ಗೊತ್ತಿರುವವರ ಅಭಿಪ್ರಾಯ ಕೇಳಲು ಬಂದವರು. ಭಾವಮೈದನೂ ಆಗ ಅಲ್ಲೇ ಇದ್ದ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಟೀ ಲೋಟಗಳೊಂದಿಗೆ ನಿಂತಿದ್ದರು.

“ಇದನ್ನ ನೋಡಿ ಹೇಳೋರು ನಿಮ್ಮನ್ನ ಬಿಟ್ರೆ ಯಾರಿದ್ದಾರೆ ಮೇಸ್ತ್ರಿ? ಇದು ಕಚ್ಚಿದ ಗುರುತು ತಾನೇ?”

ಮೇಸ್ತ್ರಿ ಟ್ಯೂಬನ್ನು ಬೆಳಕಿಗೆ ಹಿಡಿದರು. ತಾವೇ ಮಾಡಿದ ಗಾಯ ಚೌಕವಾಗಿ, ಸ್ಪಷ್ಟವಾಗಿ ಕಾಣುತ್ತಿತ್ತು. “ಹೌದು,” ಎಂದರು.

“ನೀವಂತೂ ಅದನ್ನ ಮುಟ್ಟೋರಲ್ಲ.”

ಇಲ್ಲಿ ಒಂದು ಮಾತು ಆಡಬೇಕಿತ್ತು. ಮೇಸ್ತ್ರಿ ಟ್ಯೂಬನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು, ಇನ್ನೂ ಏನೋ ಪರೀಕ್ಷಿಸುವುದಿದೆ ಎಂಬಂತೆ. ಅಷ್ಟರಲ್ಲಿ ಸ್ಟೋರ್ ಕೀಪರರ ಕಣ್ಣು ಭಾವಮೈದನ ಕಡೆ ಹೊರಳಿತು.

ಅವನು ಕೈ ಚಾಚಿ ಟ್ಯೂಬನ್ನು ಇಸಿದುಕೊಂಡ. ಗಾಯದ ಮೇಲೆ ಬೆರಳಾಡಿಸಿದ. ಲೀವರಿನಲ್ಲೇ ಬದುಕು ಸವೆಸಿದವನಿಗೆ ಅದನ್ನು ಓದಲು ಎರಡನೆಯ ನೋಟ ಬೇಕಾಗಲಿಲ್ಲ. ಅಷ್ಟು ಒಳಗೆ ತುರುಕುವವನು ಈ ಕೆಲಸಕ್ಕೆ ತೀರಾ ಹೊಸಬ. ಅವನು ತಲೆಯೆತ್ತಿ ಭಾವನ ಮುಖ ನೋಡಿದ. ಭಾವ ಬೋಗುಣಿಯ ನೀರನ್ನು ನೋಡುತ್ತಿದ್ದರು.

“ನಾನೇ ಸ್ವಾಮಿ,” ಎಂದ ಅವನು. “ಅವಸರದಲ್ಲಿ ಏನೋ ಆಗಿಹೋಯ್ತು.”

“ಥೂ ಸೌಟೂ,” ಎಂದರು ಸ್ಟೋರ್ ಕೀಪರ್, ಸಿಟ್ಟಿಗಿಂತ ಬೇಸರದಿಂದ. “ಇಷ್ಟು ವರ್ಷ ಆದ್ರೂ ಹೆಸರು ಉಳಿಸ್ಕೊಂಡಿದೀಯಲ್ಲಯ್ಯ. ನಾಳೆ ನಿನ್ನನ್ನ ನಮ್ಮ ಆಸ್ಪತ್ರೆ ಸೈಕಲ್ ಶೆಡ್ಡಿಗೆ ಹಾಕ್ಕೊಂಡ್ರೆ ಆ ಹೆಣ್ಮಕ್ಕಳು ನನ್ನ ಸುಮ್ನೆ ಬಿಡ್ತಾರಾ?”

ಟೀ ಆರಿಹೋಯಿತು. ಯಾರೂ ಕುಡಿಯಲಿಲ್ಲ.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಯಾವ ಕೆಲಸವೂ ನಿಲ್ಲಲಿಲ್ಲ, ಯಾವ ಹೊತ್ತೂ ತಪ್ಪಲಿಲ್ಲ. ಅದೇ ಮೇಸ್ತ್ರಿಗೆ ಉಸಿರುಕಟ್ಟಿಸಿತು. ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತ ಹೆಂಡತಿ ಕೇಳಿದರು:

“ಏನ್ರೀ, ಅವತ್ತು ಬಾಗಿಲು ಹಾಕ್ಕೊಂಡಿದ್ರಲ್ಲ, ಯಾಕೆ?”

“ಗಾಳಿ ಬರ್ತಿತ್ತು.”

“ಗಾಳಿ ಬಂದ್ರೆ ಟೈರಿಗೆ ನೆಗಡಿ ಆಗುತ್ತಾ?”

ಹೆಂಡತಿ ಮತ್ತೊಂದು ಬಟ್ಟೆ ಎತ್ತಿಕೊಂಡರು. ಆಕೆಗೆ ಗೊತ್ತಾಗಿದೆ, ಮತ್ತು ಆಕೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕಾದವರು ಹೇಳಲಿ ಎಂದು ಕಾಯುತ್ತಿದ್ದಾರೆ. ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ. ತಲೆ ಎತ್ತಲಾಗದೆ ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡು ನರ್ಸಮ್ಮನ ಮನೆಗೆ ನಡೆದರು.

ಎರಡನೆಯ ಮಹಡಿಯಲ್ಲಿ ಒಂದು ಕೋಣೆ. ನರ್ಸಮ್ಮ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಎಡಗೈಯಲ್ಲಿ ಜಡೆ ಬಾಚಿಕೊಳ್ಳಲು ಹೆಣಗುತ್ತಿದ್ದರು. ಎದುರು ಮನೆಯ ಮುದುಕಿ ಕುರ್ಚಿ ಎಳೆದುಕೊಟ್ಟಳು.

“ಆ ಟೈರು ಹಾಕಿದ್ದು ನನ್ನ ಬಾಮೈದ ಅಲ್ಲಮ್ಮ,” ಎಂದರು ಮೇಸ್ತ್ರಿ, ಕೂರದೆ. “ನಾನು. ಸ್ಪ್ಯಾನರ್ ಹಾಕಿ ಮೀಟಿದೆ. ತಪ್ಪು ನಂದು.”

ನರ್ಸಮ್ಮ ಬಾಚಣಿಗೆ ಕೆಳಗಿಟ್ಟು ಅವರನ್ನೇ ನೋಡಿದರು. ಆ ಕಣ್ಣುಗಳಲ್ಲಿ ನೀರಾಡಿತು.

“ಮೇಸ್ತ್ರಿಗಳೇ, ನಿಮ್ಮಂಥೋರನ್ನ ನಾನು ನೋಡಿಲ್ಲ. ಹೆಂಡ್ತಿ ತಮ್ಮ ಅಂತ ಅವನ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ಳೋಕೆ ಬಂದ್ರಾ? ಅದೂ ಇಷ್ಟು ವಯಸ್ಸಲ್ಲಿ, ಎರಡು ಮಹಡಿ ಹತ್ತಿ?”

“ಹಂಗಲ್ಲಮ್ಮ, ನಿಜವಾಗ್ಲೂ ನಾನೇ...”

“ಸಾಕು ಬಿಡಿ. ನೀವು ಲೀವರ್ ಮುಟ್ತೀರಿ ಅಂದ್ರೆ ಚಿಕ್ಕ ಮಗೂನೂ ನಂಬಲ್ಲ. ಆ ಮನುಷ್ಯ ನನಗೆ ದಾರೀಲಿ ಸಿಕ್ಕಿದ್ದ, ಮುಖ ಕೂಡ ನೋಡದೆ ಬಂದೆ. ಹೋಗ್ಲಿ, ನಿಮ್ಮ ಮುಖ ನೋಡಿ ಕ್ಷಮಿಸಿದ್ದೀನಿ ಅಂತ ಹೇಳಿ ಅವನಿಗೆ.”

ಮುದುಕಿ “ಎಂಥ ದೊಡ್ಡ ಮನಸ್ಸಪ್ಪ” ಎಂದು ಕೆನ್ನೆಗೆ ಕೈ ಹಚ್ಚಿದಳು. ಮೇಸ್ತ್ರಿಗೆ ಟೀ ಬಂತು, ಬಿಸ್ಕತ್ತು ಬಂತು. ಅವರು ಬೇಡ ಬೇಡ ಎಂದಷ್ಟೂ ಅವರ ಸೌಜನ್ಯ ಹೆಚ್ಚಿದಂತೆ ಕಂಡಿತು. ಕೊನೆಗೆ ಟೀ ಕುಡಿದು ಮೆಟ್ಟಿಲಿಳಿದರು.

ಮುದುಕಿಯ ಬಾಯಿಯಿಂದ ಹೊರಟ ಸುದ್ದಿ ಬೀದಿಗೆ ಬರಲು ಹೊತ್ತಾಗಲಿಲ್ಲ. ಕ್ಷೌರಿಕ ಕತ್ತರಿ ನಿಲ್ಲಿಸಿ ನಮಸ್ಕಾರ ಹಾಕಿದ. ದರ್ಜಿ, “ಬಾಮೈದ ಅಂದ್ರೆ ನಿಮ್ಮ ಬಾಮೈದ ಆಗಿ ಹುಟ್ಟಬೇಕು ಮೇಸ್ತ್ರಿ, ಏನು ಮಾಡಿದ್ರೂ ನಡೆಯುತ್ತೆ” ಎಂದ. ಮೇಸ್ತ್ರಿ ಗೋಡೆ ಬದಿ ಹಿಡಿದು ನಡೆಯತೊಡಗಿದರು. ಅದನ್ನು ಜನ ವಿನಯ ಎಂದುಕೊಂಡರು.

ಹೆಂಡತಿ ಅಂಗಡಿಗೆ ಹೋಗಿ ಬಂದವರು ಚೀಲ ಕೆಳಗಿಟ್ಟರು. “ಊರೆಲ್ಲ ನಿಮ್ಮನ್ನ ಹೊಗಳ್ತಿದೆ. ನನ್ನ ತಮ್ಮನಿಗೆ ಒಂದು ಹೆಸರು ಇತ್ತು, ಈಗ ಇನ್ನೊಂದು ಸಿಕ್ಕಿದೆ. ಭಾವನ ತಲೆ ಮೇಲೆ ತಪ್ಪು ಹೊರಿಸಿದೋನು ಅಂತ.”

“ನಾನು ನಿಜ ಹೇಳ್ದೆ ಕಣೇ. ಅವರು ನಂಬಲಿಲ್ಲ.”

ಹೆಂಡತಿ ಗಂಡನ ಮುಖವನ್ನೇ ನೋಡಿದರು. ಆ ನೋಟದಲ್ಲಿ ದಯೆಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. “ಬಾಯಲ್ಲಿ ಹೇಳಿದ್ರೆ ಯಾಕೆ ನಂಬ್ತಾರೆ? ನಂಬದೇ ಇರೋ ಹಂಗೆ ನೀವೇ ಊರಿಗೆಲ್ಲ ಪಾಠ ಮಾಡಿದ್ದೀರಲ್ಲ.”

ಆಕೆ ಹೇಳಿದ್ದರ ಅರ್ಥ ಮೇಸ್ತ್ರಿಗೆ ಚೆನ್ನಾಗಿಯೇ ಆಗಿತ್ತು. ಮಾತು ಸಾಲದೆಂದರೆ ಉಳಿದದ್ದು ಒಂದೇ: ಮಾಡಿ ತೋರಿಸುವುದು. ಅದನ್ನು ನೆನೆದರೇ ಮೈ ಹಿಡಿಯಷ್ಟಾಗುತ್ತಿತ್ತು.

ಮರುದಿನ ಬೆಳಿಗ್ಗೆ ನರ್ಸುಗಳು ಸೈಕಲ್ ತೆಗೆದುಕೊಳ್ಳುವ ಹೊತ್ತಿಗೆ ಅವರು ಆಸ್ಪತ್ರೆಯ ಹಿಂದಿನ ಸೈಕಲ್ ಶೆಡ್ಡಿಗೆ ಹೋದರು. ತಗಡಿನ ಚಾವಣಿ, ಸಾಲಾಗಿ ನಿಂತ ಸೈಕಲ್ಲುಗಳು, ಹ್ಯಾಂಡಲಿಗೆ ಚೀಲ ಸಿಕ್ಕಿಸುತ್ತ ಹರಟುವ ಹೆಂಗಸರು. ಕೈಗೆ ಪ್ಲಾಸ್ಟರ್ ಇದ್ದ ನರ್ಸಮ್ಮ ಓಡಾಡುವ ಕೆಲಸ ಬಿಟ್ಟು ಶೆಡ್ಡಿನ ಮೂಲೆಯಲ್ಲಿ ಔಷಧಿ ಎಣಿಸಿಕೊಡುವ ಮೇಜಿನ ಬಳಿ ಕೂತಿದ್ದರು. ಮೇಸ್ತ್ರಿಯನ್ನು ಕಂಡು ಎದ್ದು ನಿಂತರು.

“ಸ್ವಾಮಿ,” ಎಂದರು ಮೇಸ್ತ್ರಿ ಸ್ಟೋರ್ ಕೀಪರಿಗೆ, “ನರ್ಸಮ್ಮನ ಆ ಚಕ್ರ ತನ್ನಿ. ಅದೇ ಟೈರು, ಬೇರೆ ಟ್ಯೂಬು. ನಿಮ್ಮೆಲ್ಲರ ಎದುರಿಗೆ ಹಾಕ್ತೀನಿ.”

“ಆಹಾ! ನಾವು ಕೇಳಿದ್ದೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಬನ್ರಮ್ಮಾ ಎಲ್ಲರೂ, ಇಲ್ನೋಡಿ, ಬರಿಗೈ ಮೇಸ್ತ್ರಿ!”

ಹೆಂಗಸರು ಸುತ್ತ ಸೇರಿದರು. ಮೇಸ್ತ್ರಿ ಶೆಡ್ಡಿನ ಕಲ್ಲಿನ ಮೆಟ್ಟಿಲ ಮೇಲೆ ಕೂತು ಚಕ್ರವನ್ನು ತೊಡೆಗೆ ಆನಿಸಿಕೊಂಡರು. ವಾಲ್ವಿನ ಎದುರು ಬದಿಯಿಂದ ಶುರು ಮಾಡಿದರು. ಅಂಚು ತಗ್ಗಿಗೆ ಇಳಿಯಿತು, ಸಡಿಲ ಮೇಲಕ್ಕೆ ಬಂತು. ನೋಡುತ್ತಿದ್ದವರು ಮೆಚ್ಚಿ ತಲೆದೂಗಿದರು. ಕೊನೆಯ ಗೇಣು ಉಳಿಯಿತು. ಮೇಸ್ತ್ರಿ ಹೆಬ್ಬೆರಳು ಕೊಟ್ಟರು.

ಸೋಲುವುದಕ್ಕೆಂದೇ ಬಂದ ಮನುಷ್ಯ ಅವರು. ಟೈರು ಏರಿಬಿಟ್ಟರೆ ಭಾವಮೈದನ ಕೆಲಸ ಹೋಯಿತೆಂದೇ ಲೆಕ್ಕ. ಇಷ್ಟು ಗೊತ್ತಿದ್ದೂ ಒಳಗೆ ಯಾವುದೋ ಮೂಲೆಯಲ್ಲಿ ಒಂದು ಆಸೆ ಮಿಸುಕಾಡಿತು: ಇವತ್ತೊಂದು ದಿನ ಹೆಬ್ಬೆರಳು ಮಾತು ಕೇಳಿದರೆ? ಈ ಹೆಂಗಸರೆಲ್ಲ ‘ಅಬ್ಬಾ’ ಎನ್ನುವುದನ್ನು ಇನ್ನೊಮ್ಮೆ ಕೇಳಿದರೆ? ಹಲ್ಲು ಕಚ್ಚಿ ಒತ್ತಿದರು. ನಾಟಕವಲ್ಲ, ನಿಜವಾಗಿಯೇ ಒತ್ತಿದರು. ಆ ಆಸೆಗೆ ಅವರು ಆಮೇಲೆ ನಾಚಿಕೊಂಡಷ್ಟು ಬೇರೆ ಯಾವುದಕ್ಕೂ ನಾಚಿಕೊಳ್ಳಲಿಲ್ಲ. ಸ್ಪ್ಯಾನರಿಗೂ ಇಲ್ಲ, ಅಂದು ಬೋಗುಣಿಯನ್ನು ನೋಡುತ್ತ ಕೂತದ್ದಕ್ಕೂ ಇಲ್ಲ.

ಅಂಚು ಅರ್ಧ ಏರಿ ಜಾರಿತು. ಮತ್ತೆ ಒತ್ತಿದರು, ಮತ್ತೆ ಜಾರಿತು. ಹೆಬ್ಬೆರಳಿನ ಬುಡ ಬಿಳುಚಿಕೊಂಡು ನಡುಗುವುದು ಈಗ ಎಲ್ಲರಿಗೂ ಕಾಣುತ್ತಿತ್ತು. ಹರಟೆ ನಿಂತಿತು. ಒಬ್ಬಾಕೆ ಮುಖ ಬೇರೆ ಕಡೆ ತಿರುಗಿಸಿದಳು.

“ಸಾಕು ಮೇಸ್ತ್ರಿ,” ಎಂದರು ಸ್ಟೋರ್ ಕೀಪರ್ ಮೆಲ್ಲಗೆ. “ಇವತ್ತು ಯಾಕೋ ಕೈ ಬರ್ತಿಲ್ಲ.”

“ಇವತ್ತಲ್ಲ ಸ್ವಾಮಿ. ಈ ಕೈ ಬರೋದು ನಿಂತು ಬಹಳ ಕಾಲ ಆಯ್ತು.” ಮೇಸ್ತ್ರಿ ಜೇಬಿನಿಂದ ಸ್ಪ್ಯಾನರ್ ತೆಗೆದರು. ಹಿಡಿಯನ್ನು ಅಂಚಿನಡಿ ತುರುಕಿ ಮೀಟಿ ತೋರಿಸಿದರು. ಟೈರು ‘ಟಪ್’ ಎಂದಿತು. ಅವರು ಅಂಚನ್ನು ಸರಿಸಿ, ಒಳಗೆ ಸಿಕ್ಕಿಬಿದ್ದಿದ್ದ ಟ್ಯೂಬಿನ ಮೇಲಿನ ಚೌಕದ ಗಾಯವನ್ನು ತೋರಿಸಿದರು. “ಅವತ್ತು ಬಾಗಿಲು ಹಾಕ್ಕೊಂಡು ಹಿಂಗೇ ಮಾಡ್ದೆ. ಅವನು ಗಾಳಿ ಹೊಡೆದ, ಅಷ್ಟೇ. ಸುತ್ತ ನೋಡಿದ್ದೀರಾ ಅಂತ ಕೇಳಿದ್ದ ಬೇರೆ. ನಾನು ಅವನ ಬಾಯಿ ಮುಚ್ಚಿಸ್ದೆ.”

ನರ್ಸಮ್ಮ ಮೇಜು ಬಿಟ್ಟು ಬಂದರು. ಮೊನ್ನೆಯ ಕಣ್ಣೀರಿನ ಸುಳಿವೂ ಆ ಮುಖದಲ್ಲಿ ಇರಲಿಲ್ಲ.

“ಅಂದ್ರೆ ಅವತ್ತು ನಮ್ಮನೇಲಿ ಹೇಳಿದ್ದು ನಿಜಾನಾ?”

“ನಿಜ ತಾಯಿ.”

“ಹೇಳಿ, ನಾನು ನಂಬಲಿಲ್ಲ ಅಂತ ಟೀ ಕುಡಿದು ಹೋದ್ರಿ. ನಾನು ಎಡಗೈಯಲ್ಲಿ ಉಣ್ತಾ ಇದ್ದೀನಿ ಮೇಸ್ತ್ರಿಗಳೇ. ಬಾಣಂತಿಯರು ಕಾಯ್ತಾ ಇದ್ದಾರೆ. ಹೆಬ್ಬೆರಳು ನೋಯುತ್ತೆ ಅಂತ ಒಂದು ಮಾತು ಹೇಳಿ ಚಕ್ರ ವಾಪಸ್ ಕೊಟ್ಟಿದ್ರೆ ನಿಮ್ಮದೇನು ಗಂಟು ಹೋಗ್ತಿತ್ತು? ಆ ಮನುಷ್ಯನ ಮುಖಾನೂ ನೋಡದೆ ಬಂದೆನಲ್ಲ ನಾನು!” ಆಕೆಯ ದನಿ ಏರುತ್ತಲೇ ಹೋಯಿತು. ಮೇಸ್ತ್ರಿ ಕಲ್ಲಿನ ಮೇಲೆ ಕೂತು, ತಲೆ ತಗ್ಗಿಸಿ, ಒಂದು ಮಾತನ್ನೂ ತಪ್ಪಿಸಿಕೊಳ್ಳದೆ ಕೇಳಿದರು. ಮೊನ್ನೆಯ ಹೊಗಳಿಕೆಗಿಂತ ಇದನ್ನು ಹೊರುವುದು ಸುಲಭವಾಗಿತ್ತು.

ಅಷ್ಟರಲ್ಲಿ ಯಾರೋ ಹೋಗಿ ಭಾವಮೈದನನ್ನು ಕರೆತಂದಿದ್ದರು. ಅವನು ಏದುಸಿರು ಬಿಡುತ್ತ ಬಂದು ಗುಂಪನ್ನು ನೋಡಿದ, ಭಾವನ ಕೈಯಲ್ಲಿದ್ದ ಸ್ಪ್ಯಾನರ್ ನೋಡಿದ. ಎಲ್ಲವೂ ಅರ್ಥವಾಯಿತು. ಸಂತೋಷಪಡಬೇಕಾದವನ ಮುಖ ಕಪ್ಪಿಟ್ಟಿತು.

“ಇದೇನು ಭಾವ ಇದು? ಇಷ್ಟು ಜನರ ಎದುರಿಗೆ?”

“ನಿನಗೆ ಮಾಡಿದ್ದೂ ಜನರ ಎದುರಿಗೇ ಅಲ್ವೇನೋ.”

“ಅದಕ್ಕೆ?” ಅವನ ದನಿ ಬಿರಿಯಿತು. “ಅದು ಹಳೇ ಕತೆ, ಅದನ್ನ ನಾನು ನುಂಗಿ ಆಯ್ತು. ಹೆಬ್ಬೆರಳು ಬರ್ತಿಲ್ಲ ಅಂತ ನನಗೆ ಒಂದು ಮಾತು ಹೇಳೋಕಾಗಲಿಲ್ವಾ? ದಿನಾ ಬರ್ತಿದ್ನಲ್ಲ ಮನೆಗೆ. ಲೀವರ್ ಹಿಡಿಯೋದು ಹೇಳಿಕೊಡು ಅಂದಿದ್ರೆ ಹೇಳಿಕೊಡ್ತಿರಲಿಲ್ವಾ ನಾನು?”

ಇಡೀ ಬೀದಿ ನಕ್ಕಿದ್ದರೂ, ನರ್ಸಮ್ಮ ಇನ್ನೊಂದು ಗಂಟೆ ಬೈದಿದ್ದರೂ ಮೇಸ್ತ್ರಿ ಕೂತ ಜಾಗದಲ್ಲಿ ಕೂತಿರುತ್ತಿದ್ದರು. ಈ ಮಾತಿಗೆ ಮಾತ್ರ ಎದ್ದು ನಿಂತರು, ಮತ್ತೆ ಎಲ್ಲಿಗೆ ಹೋಗಬೇಕೆಂದು ತೋಚದೆ ಅಲ್ಲೇ ನಿಂತರು. ಸಹಾಯ ಕೇಳುವುದು ಎಂಬ ದಾರಿಯೊಂದಿದೆ ಎಂದು ಅವರಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಸ್ಟೋರ್ ಕೀಪರ್ ಗಂಟಲು ಸರಿಮಾಡಿಕೊಂಡರು. “ಅದೆಲ್ಲ ಮನೇಲಿ ಮಾತಾಡ್ಕೊಳ್ಳಿ. ಈ ಚಕ್ರ ಮೊದಲು ಆಗ್ಬೇಕು. ಏನಯ್ಯಾ, ಕೆಲಸಕ್ಕೆ ಬರ್ತೀಯೋ ಇಲ್ವೋ?”

“ಬರ್ತೀನಿ,” ಎಂದ ಭಾವಮೈದ, ಅವರ ಕಡೆ ನೋಡದೆ. ಇನ್ನೊಂದು ಟ್ಯೂಬು ತರಿಸಿದ. ಮೆಟ್ಟಿಲ ಮೇಲೆ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿ, “ಕೂತ್ಕೊಳ್ಳಿ ಭಾವ” ಎಂದ. ಅವನ ಚೀಲದಿಂದ ಸ್ವಲ್ಪ ಬಾಗಿದ, ತುದಿ ನುಣುಪಾದ ಲೀವರ್ ಹೊರಬಂತು. ಕೊನೆಯ ಗೇಣಿನವರೆಗೆ ತಾನೇ ಏರಿಸಿ, ಅನಂತರ ಅದನ್ನು ಮೇಸ್ತ್ರಿಯ ಕೈಗೆ ಕೊಟ್ಟ.

ಹೆಂಗಸರು ಇನ್ನೂ ಹೋಗಿರಲಿಲ್ಲ. ಮೇಸ್ತ್ರಿಯ ಕಿವಿ ಸುಡುತ್ತಿತ್ತು. ಲೀವರನ್ನು ಅಂಚಿನಡಿ ಇಟ್ಟು ಒತ್ತಿದರು.

“ಅಷ್ಟು ಒಳಗೆ ಬೇಡ. ವಾಪಸ್ ತಗೊಳ್ಳಿ. ಇನ್ನೂ. ಮೊದಲು ಬೆರಳಿಂದ ಟ್ಯೂಬು ತಳ್ಳಿ.”

“ಹಿಂಗಾ?”

“ಹಂಗಲ್ಲ. ನೀವು ಮೀಟ್ತಾ ಇದ್ದೀರಿ. ಮೀಟಬಾರ್ದು, ಎತ್ತಬೇಕು.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಭಾವಮೈದ ತಲೆ ಎತ್ತಿ ಆ ಕಡೆ ನೋಡಿದ, ನಗು ನಿಂತಿತು. ಮೇಸ್ತ್ರಿ ಲೀವರನ್ನು ಹಿಂದಕ್ಕೆ ತೆಗೆದು, ಮತ್ತೆ ಇಟ್ಟು, ಇದು ಸರಿಯೇ ಎಂದು ಅವನ ಮುಖ ನೋಡಿದರು.